ಕ್ಷಯನಿವಾರಣೆಯೂ ಕ್ಷೇತ್ರಶಿಕ್ಷಣವೂ

ಕ್ಷಯವೆಂಬ ಶಬ್ದಕ್ಕೆ ಸವೆಯುವುದು, ಕುಂದುವುದು ಎಂದರ್ಥ. ಚರಕಸಂಹಿತೆಯು ಈ ವ್ಯಾಧಿಯನ್ನು ರಾಜಯಕ್ಷ್ಮವೆಂದು ಕರೆದಿದೆ. ಹೆಸರಿನಲ್ಲಿ ರಾಜನಿದ್ದರೂ ಇದು ಹೆಚ್ಚಾಗಿ ಬಾಧಿಸುವುದು ಬಡವರನ್ನೇ. ಇದನ್ನು ನಿವಾರಿಸಬೇಕಾದವರು ಗ್ರಂಥದೊಡನೆ ಗ್ರಾಮವನ್ನೂ ಓದಬೇಕೆಂಬುದನ್ನು ನಮ್ಮ ನಾಡಿನಲ್ಲಿಯೇ ಇರುವ ಸಂಸ್ಥೆಯೊಂದು ತೋರಿಸಿಕೊಟ್ಟಿತು.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪಿತವಾಯಿತು. ಹಳ್ಳಿಗರು ಅಜ್ಞಾನದಿಂದ ರೋಗವನ್ನು ಉಪೇಕ್ಷಿಸುತ್ತಾರೆಂಬುದು ಅಂದಿನ ವಿದ್ಯಾವಂತರ ಸಾಮಾನ್ಯ ಭಾವನೆಯಾಗಿತ್ತು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ವಿಚಾರಿಸಿ ನಡೆಸಿದ ಅಧ್ಯಯನವು 1963ರಲ್ಲಿ ಪ್ರಕಟವಾಯಿತು. ಅದರಿಂದ ತಿಳಿದುಬಂದುದೇನು? ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಕೆಮ್ಮು ಜ್ವರಗಳಿಂದ ನೊಂದು ಆಗಲೇ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು! ಕಫವನ್ನು ಪರೀಕ್ಷಿಸದೆ, ಕೆಮ್ಮಿನ ಔಷಧದ ಸೀಸೆಯನ್ನು ಕೈಗಿತ್ತು ಅವರನ್ನು ಹಿಂದಕ್ಕೆ ಕಳುಹಿಸಲಾಗುತ್ತಿತ್ತು. ಅಜ್ಞಾನವು ಯಾರಲ್ಲಿತ್ತೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ಇಂತಹ ಕ್ಷೇತ್ರಾನುಭವದ ಆಧಾರದಿಂದ 1962ರಲ್ಲಿ ರಾಷ್ಟ್ರೀಯ ಕ್ಷಯನಿಯಂತ್ರಣ ಕಾರ್ಯಕ್ರಮವು ರೂಪುಗೊಂಡಿತು. ಕೆಮ್ಮುತ್ತ ಬಂದವನ ಕಫವನ್ನು ಸಾಮಾನ್ಯ ಆರೋಗ್ಯಕೇಂದ್ರದಲ್ಲಿಯೇ ಸೂಕ್ಷ್ಮದರ್ಶಕದಿಂದ ನೋಡಬೇಕೆಂಬುದು ಅದರ ತಿರುಳು. ಅದಕ್ಕಾಗಿ ಜಿಲ್ಲೆಜಿಲ್ಲೆಗಳ ತಂಡಗಳು ಬೆಂಗಳೂರಿಗೆ ಬಂದು ತರಬೇತಿ ಪಡೆದವು. ವೈದ್ಯ, ಪ್ರಯೋಗಾಲಯದ ತಂತ್ರಜ್ಞ, ಕ್ಷಕಿರಣ ತಂತ್ರಜ್ಞ, ಚಿಕಿತ್ಸಾ ವ್ಯವಸ್ಥಾಪಕ, ಅಂಕಿ-ಅಂಶಗಳ ಸಹಾಯಕ—ಎಲ್ಲರೂ ಅಲ್ಲಿ ವಿದ್ಯಾರ್ಥಿಗಳೇ. ಲೆಕ್ಕಿಗನನ್ನು ವೈದ್ಯನ ಪಕ್ಕದಲ್ಲಿ ಕುಳ್ಳಿರಿಸಿದ್ದು ನನಗೆ ಬಹಳ ಉಚಿತವೆನಿಸುತ್ತದೆ. ತಿಂಗಳುಗಟ್ಟಲೆ ಸೇವಿಸಬೇಕಾದ ಔಷಧವನ್ನು ನಡುವೆ ತೊರೆದವನು ಯಾವ ಊರಿನ ಯಾವ ಮನೆಯವನೆಂದು ಹೇಳುವುದು ಲೆಕ್ಕಿಗನ ಪಟ್ಟಿಯೇ.