ದನಗಳ ಹಿಂಗಾಲಿನ ನರಗಳಿಗೆ ತಗಲುವ ಪೆಟ್ಟು ಮತ್ತು ಅದರ ಲಕ್ಷಣಗಳು

ಹಸುವು ಈದ ಮೇಲೆ ಏಳಲಾರದೆ ಮಲಗಿದರೆ, ಇಲ್ಲವೆ ಎತ್ತು ಹಿಂಗಾಲನ್ನು ಎಳೆದುಕೊಂಡು ನಡೆದರೆ, “ವಾಯು ಹಿಡಿದಿದೆ” ಎಂದು ಚಪ್ಪೆಯ ಮೇಲೆ ಬರೆ ಹಾಕುವ ವಾಡಿಕೆಯು ಗ್ರಾಮಾಂತರಗಳಲ್ಲಿ ಇನ್ನೂ ಪೂರ್ತಿಯಾಗಿ ಹೋಗಿರುವುದಿಲ್ಲ. ಇಂಥ ಪ್ರಾಣಿಗಳಲ್ಲಿ ಅನೇಕಕ್ಕೆ ಆಗಿರುವುದು ನರದ ಪೆಟ್ಟು. ಬರೆಯಿಂದ ನರವು ಗುಣವಾಗಲಾರದು. ಚರ್ಮವು ಸುಟ್ಟು ಹುಣ್ಣಾಗುವುದೊಂದೇ ಫಲ. ಯಾವ ನರಕ್ಕೆ ಪೆಟ್ಟಾಗಿದೆಯೆಂಬುದನ್ನು ಕಾಲು ನಿಂತಿರುವ ರೀತಿಯಿಂದಲೇ ಬಹುಮಟ್ಟಿಗೆ ತಿಳಿಯಬಹುದು.

ಕೆಲವು ವರ್ಷಗಳ ಕೆಳಗೆ ಗ್ರಾಮವೊಂದರಲ್ಲಿ ಚೊಚ್ಚಲು ಈದ ಮಣಕವೊಂದನ್ನು ನಾನು ಕಂಡೆನು. ಕರುವು ದೊಡ್ಡದಾಗಿದ್ದುದರಿಂದ ನಾಲ್ವರು ಹಗ್ಗ ಕಟ್ಟಿ ಎಳೆದಿದ್ದರು. ಗಂಜಲದಿಂದ ನೆನೆದ ಚಪ್ಪಡಿಯ ಮೇಲೆ ಮಣಕವು ಏಳಲು ಯತ್ನಿಸಿದಾಗಲೆಲ್ಲ ಹಿಂಗಾಲುಗಳೆರಡೂ ಪಕ್ಕಕ್ಕೆ ಜಾರಿ ಕಪ್ಪೆಯಂತೆ ಹರಡುತ್ತಿದ್ದವು. ಮನೆಯವರು ಬಾಲ ತಿರುಚಿ ಮತ್ತೆ ಮತ್ತೆ ಎಬ್ಬಿಸಿದರು. ಸಂಜೆಯ ವೇಳೆಗೆ ತೊಡೆಯ ಕೀಲೇ ತಪ್ಪಿತು. ಮೊದಲೇ ಮಣ್ಣಿನ ಅಂಗಳಕ್ಕೆ ಸಾಗಿಸಿದ್ದರೆ ಉಳಿಯುವ ಸಂಭವವಿತ್ತೆಂದು ಪಶುವೈದ್ಯರು ಹೇಳಿದರು.

ಇಲ್ಲಿ ಕೆಟ್ಟದ್ದು ಸೊಂಟದೆಲುಬಿನ ಒಳಮಗ್ಗುಲಲ್ಲಿ ಹಾಯುವ ಆಬ್ಟುರೇಟರ್ ನರ. ತೊಡೆಗಳನ್ನು ಒಳಕ್ಕೆ ಸೆಳೆದು ಹಿಡಿಯುವುದು ಇದರ ಕೆಲಸ. ದೊಡ್ಡ ಕರುವು ಹೊರಬರುವಾಗ ಈ ನರವೂ, ಅನೇಕ ವೇಳೆ ಇದರ ಸಮೀಪದಲ್ಲಿರುವ ಸಯಾಟಿಕ್ ನರದ ಬೇರುಗಳೂ ಎಲುಬಿಗೆ ಒತ್ತಲ್ಪಡುತ್ತವೆ. ಆಬ್ಟುರೇಟರ್ ನರವೊಂದೇ ಕೆಟ್ಟಿದ್ದರೆ ಜಾರದ ನೆಲದ ಮೇಲೆ ಹಸುವು ಸಾಮಾನ್ಯವಾಗಿ ನಿಲ್ಲಬಲ್ಲದೆಂಬುದು ಪರೀಕ್ಷೆಗಳಿಂದ ಕಂಡುಬಂದಿದೆ. ಆದುದರಿಂದ ನೆಲವೇ ಅರ್ಧ ಔಷಧವೆಂದರೂ ಸಲ್ಲುತ್ತದೆ. ಸಣ್ಣ ಮೈಕಟ್ಟಿನ ನಾಟಿ ಮಣಕಗಳಿಗೆ ದೊಡ್ಡ ಜಾತಿಯ ಹೋರಿಯ ವೀರ್ಯವನ್ನು ಕೊಡಿಸುವವರು ಈ ಅಪಾಯವನ್ನು ಮೊದಲೇ ಯೋಚಿಸತಕ್ಕದ್ದು.

ಎರಡನೆಯದು ಪೆರೋನಿಯಲ್ ನರ. ಮಂಡಿಯ ಹೊರಮಗ್ಗುಲಲ್ಲಿ ಇದು ಎಲುಬಿಗೂ ಚರ್ಮಕ್ಕೂ ನಡುವೆ ಬಹಳ ಮೇಲೆಯೇ ಹಾಯುತ್ತದೆ. ಗಟ್ಟಿ ನೆಲದಲ್ಲಿ ಒಂದೇ ಮಗ್ಗುಲಾಗಿ ಮಲಗಿದ ಪ್ರಾಣಿಗೆ ಇದು ಸುಲಭವಾಗಿ ನಸುಕುತ್ತದೆ. (ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವ ಆಳುಗಳಿಗೂ ಇದೇ ನರವು ಒತ್ತಿ, ಪಾದವನ್ನು ಮೇಲೆತ್ತಲಾಗದೆ ಹೋಗುವುದುಂಟು.) ದನದಲ್ಲಿ ಗೊರಸಿನ ಮೇಲಣ ಗೆಣ್ಣು ಮುಂದಕ್ಕೆ ಮಡಿಚಿ, ಗೊರಸಿನ ಮುಂಭಾಗವು ನೆಲಕ್ಕೆ ಉಜ್ಜುತ್ತದೆ, ಹಿಮ್ಮಡಿ ಕೀಲು ನೆಟ್ಟಗೆ ನಿಲ್ಲುತ್ತದೆ. ಪಾದದ ಮುಂಭಾಗವನ್ನು ಚಿವುಟಿದರೆ ಅರಿವಿರುವುದಿಲ್ಲ. ಟಿಬಿಯಲ್ ನರವು ಕೆಟ್ಟರೆ ಇದಕ್ಕೆ ವಿರುದ್ಧವಾಗಿ ಹಿಮ್ಮಡಿ ಕೀಲು ಮಡಿಚಿ ಕೆಳಕ್ಕೆ ಕುಸಿದಿರುತ್ತದೆ. ಪ್ರಾಣಿಯು ಕಾಲಿನ ಮೇಲೆ ಭಾರವನ್ನೇನೋ ಬಿಡುತ್ತದೆ.

ಈ ಎರಡು ನರಗಳಿಗೂ ಮೂಲವಾದುದು ಸಯಾಟಿಕ್ ನರ. ಅದು ಕೆಟ್ಟರೆ ಕಾಲು ಜೋಲಿ, ಮಂಡಿಯ ಕೆಳಗೆ ಒಳಮಗ್ಗುಲನ್ನು ಬಿಟ್ಟು ಉಳಿದೆಡೆ ಸ್ಪರ್ಶಜ್ಞಾನವು ಹೋಗುತ್ತದೆ. ಬಡಕಲು ಕರುಗಳ ಚಪ್ಪೆಗೆ ಸೂಜಿಮದ್ದನ್ನು ಚುಚ್ಚುವುದು ಇದಕ್ಕೆ ಒಂದು ಕಾರಣ. ಅರೆತಿಳಿದವರು ಸೂಜಿ ಹಿಡಿದು ಬಂದರೆ ಕತ್ತಿನ ಸ್ನಾಯುವಿಗೇ ಕೊಡುವಂತೆ ಯಜಮಾನರು ಒತ್ತಾಯಿಸಬೇಕು. ಇದರಲ್ಲಿ ದಾಕ್ಷಿಣ್ಯ ಸಲ್ಲದು. ಬಲವಾಗಿ ಎಳೆದು ಹೊರತೆಗೆದ ಕರುವಿಗೆ ತೊಡೆಯ ಮುಂಭಾಗದ ಫೆಮೊರಲ್ ನರವು ಹಿಗ್ಗಿ ಕೆಡುವುದೂ ಉಂಟು. ಆಗ ಮಂಡಿಯು ಭಾರವನ್ನು ತಡೆಯದೆ ಕುಸಿಯುತ್ತದೆ. ಕೆಲವು ದಿನಗಳಲ್ಲಿ ತೊಡೆಯು ಸೊರಗುತ್ತದೆ.

ಏಳಲಾರದ ಹಸುವಿಗೆಲ್ಲ ನರದ ಪೆಟ್ಟೇ ಎಂದು ತಿಳಿಯಬಾರದು. ಈದ ಮೂರು ದಿನಗಳೊಳಗೆ ಕಿವಿಗಳು ತಣ್ಣಗಾಗಿ, ಮಂಪರು ಹಿಡಿದು, ಕತ್ತು ಪಕ್ಕೆಗೆ ತಿರುಗಿದ್ದರೆ ಅದು ಸುಣ್ಣದ ಅಂಶದ ಕೊರತೆಯಿಂದಾದ ಹಾಲುಜ್ವರ. ವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಅನೇಕ ಹಸುಗಳು ಕೆಲವೇ ಗಂಟೆಗಳಲ್ಲಿ ಏಳುತ್ತವೆ. ತಡವಾದರೆ ಪ್ರಾಣಕ್ಕೇ ಅಪಾಯ. ಎಳೆಯ ದನಕ್ಕೆ ಜ್ವರ ಬಂದು, ತೊಡೆಯು ಊದಿ, ಒತ್ತಿದಾಗ ಚರಚರ ಸದ್ದಾದರೆ ಅದು ಚಪ್ಪೆರೋಗ. ಎತ್ತಿನ ಕಾಲು ಹಿಂದಕ್ಕೆ ನೀಡಿ ಸಿಕ್ಕಿಕೊಂಡು, ಆಮೇಲೆ ಜಗ್ಗನೆ ಬಿಡುವುದಾದರೆ ಮಂಡಿಚಿಪ್ಪಿನ ದೋಷವಿರಬಹುದು. ಸಣ್ಣ ಶಸ್ತ್ರಚಿಕಿತ್ಸೆಯಿಂದ ಅದು ವಾಸಿಯಾಗುತ್ತದೆ. ಹಿಂಗಾಲಿನ ನಿಶ್ಶಕ್ತಿಯೊಡನೆ ಜೊಲ್ಲು ಸುರಿದು ಕೂಗು ಬದಲಾಗಿದ್ದರೆ ಹುಚ್ಚುನಾಯಿ ಕಡಿತದ ರೋಗವೆಂದು ಶಂಕಿಸಿ, ಬಾಯಿಗೆ ಕೈಹಾಕದೆ, ತಕ್ಷಣ ವೈದ್ಯರಿಗೆ ತಿಳಿಸತಕ್ಕದ್ದು.

ಬಿದ್ದ ಹಸುವಿನ ಮೈಭಾರದಿಂದಲೇ ಅಡಿಗೆ ಸಿಕ್ಕಿದ ತೊಡೆಯ ಸ್ನಾಯುಗಳೂ ನರಗಳೂ ಆರರಿಂದ ಹನ್ನೆರಡು ಗಂಟೆಗಳೊಳಗೆ ಕೆಡಬಹುದು. ಹೀಗಾಗಿ ಸಣ್ಣದಾಗಿ ಆರಂಭವಾದ ಕಷ್ಟವು ಮಾರನೆಯ ದಿನಕ್ಕೆ ದೊಡ್ಡದಾಗುತ್ತದೆ. ಹಸುವನ್ನು ಗಟ್ಟಿ ತಾಡಪಾಲಿನ ಮೇಲೆ ಹೊರಳಿಸಿ, ಮರಳನ್ನೋ ಹುಲ್ಲನ್ನೋ ಮೊಳದುದ್ದ ದಪ್ಪವಾಗಿ ಹಾಸಿದ ನೆರಳಿನ ಜಾಗಕ್ಕೆ ಸಾಗಿಸಬೇಕು. ಮೂರು ನಾಲ್ಕು ಗಂಟೆಗಳಿಗೊಮ್ಮೆ, ರಾತ್ರಿಯೂ ಸಹ, ಮಗ್ಗುಲು ಬದಲಿಸಬೇಕು. ಕಾಲುಗಳು ಹರಡುವುದಾದರೆ ಗೆಣ್ಣಿನ ಮೇಲೆ ಬಟ್ಟೆ ಸುತ್ತಿ, ನಡುವೆ ಒಂದೂವರೆ ಮೊಳ ಬಿಟ್ಟು ಮೆತ್ತನೆಯ ಹಗ್ಗದಿಂದ ಎರಡನ್ನೂ ಜೋಡಿಸಬಹುದು. ನೀರೂ ಮೇವೂ ಮೂತಿಗೆ ಎಟಕುವಂತಿರಲಿ. ಗೊರಸು ಮಡಿಚುವ ಕಾಲಿಗೆ ಹತ್ತಿಯಿಟ್ಟು ಪಟ್ಟಿ ಕಟ್ಟಿಸಿದರೆ ಚರ್ಮ ಸವೆಯುವುದು ತಪ್ಪುತ್ತದೆ.

ಒತ್ತಡದಿಂದ ಮಾತ್ರ ಮಂಕಾದ ನರವು ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಚೇತರಿಸಿಕೊಳ್ಳುತ್ತದೆ. ಒಳಗಿನ ಎಳೆಗಳು ತುಂಡಾಗಿದ್ದರೆ ಅವು ಮತ್ತೆ ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಅಂಗುಲದಷ್ಟು ಮಾತ್ರ. ಮೇವು ತಿನ್ನುತ್ತ, ಏಳಲು ತಾನಾಗಿ ಯತ್ನಿಸುತ್ತಿರುವ ಹಸುವನ್ನು ಎರಡನೆಯ ದಿನವೇ ಕೈಬಿಡುವುದು ಆತುರದ ಕೆಲಸ. ಮೇವು ಬಿಟ್ಟು, ಪಕ್ಕೆಯ ಮೇಲೆ ಚಾಚಿ ಮಲಗಿ, ತಲೆಯನ್ನೂ ಎತ್ತದಿರುವ ಹಸುವಿನ ವಿಷಯದಲ್ಲಿ ಮಾತ್ರ ಆಶೆ ಕಡಿಮೆ.