ಹಳೆಯ ಕಾರಿಗೆ ಹೊಸ ರೇಡಿಯೊ

ನಲವತ್ತು ಐವತ್ತು ವರ್ಷ ಓಡಿದ ಕಾರಿನಲ್ಲಿ ಎಂಜಿನು ಇನ್ನೂ ಗಟ್ಟಿಯಾಗಿದ್ದು, ಕಾರ್ಖಾನೆಯಿಂದ ಬಂದ ರೇಡಿಯೊ ಮಾತ್ರ ಮೂಕವಾಗಿರುವುದುಂಟು. ಅದನ್ನು ಕಿತ್ತು, ಹೊಸದೊಂದು ಸ್ಟೀರಿಯೊವನ್ನು ಹಳೆಯ ತಂತಿಗಳಿಗೇ ಜೋಡಿಸುವುದು ಸುಲಭವೆಂದು ತೋರುತ್ತದೆ. ಆದರೆ ಹಾಗೆ ಜೋಡಿಸಿದ ಹೊಸ ಯಂತ್ರವು ಒಂದು ಹಾಡನ್ನೂ ಹಾಡದೆ ಕೆಟ್ಟುಹೋಗಬಹುದು. ಇದಕ್ಕೆ ಕಾರಣವೇನು?

1960 ಮತ್ತು 1970ರ ದಶಕಗಳ ಅನೇಕ ಕಾರುಗಳಲ್ಲಿ ಸ್ಪೀಕರಿಗೆ ಬರುವುದು ಒಂದೇ ತಂತಿ. ಪ್ರವಾಹವು ಮರಳುವ ದಾರಿ ಕಾರಿನ ಉಕ್ಕಿನ ಮೈಯೇ. ದೀಪಗಳಿಗೂ ಇದೇ ಏರ್ಪಾಡು. ತಾಮ್ರದ ಉಳಿತಾಯವೇ ಇದರ ಲಾಭ. ಎಂಜಿನು ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟು ಇದೆಯೆಂದಿಟ್ಟುಕೊಳ್ಳೋಣ. ಹಳೆಯ ಟ್ರಾನ್ಸಿಸ್ಟರ್ ವರ್ಧಕದ ಒಂದು ಸಾಮಾನ್ಯ ರಚನೆಯಲ್ಲಿ ಹೊರದಾರಿಯು 7 ವೋಲ್ಟಿನಲ್ಲಿ ನಿಂತು, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಏಳೇಳು ವೋಲ್ಟು ತೂಗಾಡುತ್ತದೆ. ನಡುವಿನ ದೊಡ್ಡ ಕೆಪಾಸಿಟರು ಏಕಮುಖ ಪ್ರವಾಹವನ್ನು ತಡೆದು, ಧ್ವನಿಯ ಕಂಪನವನ್ನು ಮಾತ್ರ ಸ್ಪೀಕರಿಗೆ ಬಿಡುತ್ತದೆ. ಸ್ಪೀಕರಿನ ರೋಧ 4 ಓಮ್ ಆದರೆ, ವೋಲ್ಟಿನ ವರ್ಗವನ್ನು ರೋಧದ ಎರಡರಷ್ಟರಿಂದ ಭಾಗಿಸಿದಾಗ, ಅಂದರೆ 49 ÷ 8, ಹೆಚ್ಚೆಂದರೆ 6 ವಾಟು ದೊರೆಯುತ್ತದೆ.

ಹೊಸ ಸ್ಟೀರಿಯೊಗಳಲ್ಲಿ ಒಂದೊಂದು ಸ್ಪೀಕರಿನ ಎರಡು ತುದಿಗಳಿಗೂ ಒಂದೊಂದು ವರ್ಧಕ. ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿಯುವುದರಿಂದ ತೂಗಾಟವು 14 ವೋಲ್ಟಾಗುತ್ತದೆ. ಆಗ 196 ÷ 8, ಎಂದರೆ 24 ವಾಟಿಗೂ ಮಿಕ್ಕ ಶಕ್ತಿ: ನಾಲ್ಕು ಮಡಿ! ಎರಡು ತುದಿಗಳೂ 7 ವೋಲ್ಟಿನಲ್ಲೇ ನಿಂತಿರುವುದರಿಂದ ಕೆಪಾಸಿಟರಿನ ಅಗತ್ಯವೂ ಇಲ್ಲ. ಜಾಣತನದ ಉಪಾಯವೇ ಸರಿ. ಆದರೆ ಇಂಥ ತುದಿಯೊಂದನ್ನು ಕಾರಿನ ಮೈಗೆ ಮುಟ್ಟಿಸಿದರೆ 7 ವೋಲ್ಟು ನೇರವಾಗಿ ನೆಲಕ್ಕೆ ಹರಿಯಹೊರಡುತ್ತದೆ. ರಕ್ಷಣೆಯ ಏರ್ಪಾಡಿದ್ದರೆ ಯಂತ್ರವು ತಾನೇ ಸುಮ್ಮನಾಗುತ್ತದೆ, ಇಲ್ಲವಾದರೆ ಸುಡುತ್ತದೆ.

ಆದುದರಿಂದ ಮೊದಲು ಹಳೆಯ ರೇಡಿಯೊವನ್ನು ಬಿಡಿಸಿ, ಸ್ಪೀಕರಿನ ಎರಡು ತುದಿಗಳಿಂದಲೂ ಕಾರಿನ ಮೈಗೆ ಇರುವ ರೋಧವನ್ನು ಮೀಟರಿನಿಂದ ಅಳೆಯಬೇಕು. ಯಾವುದೇ ಸಂಪರ್ಕ ಕಂಡುಬಂದರೆ ಆ ತಂತಿಗಳನ್ನು ನಂಬಲಾಗದು. ಎಡಬಲದ ಸ್ಪೀಕರುಗಳು ಒಂದೇ ಮರುತಂತಿಯನ್ನು ಹಂಚಿಕೊಂಡಿದ್ದರೂ ಹಾಗೆಯೇ. ಪ್ರತಿ ಸ್ಪೀಕರಿಗೂ ಹೊಸದಾಗಿ ಎರಡೆರಡು ತಂತಿ ಎಳೆಯುವುದೇ ಪರಿಹಾರ.

ಇನ್ನೊಂದು ತೊಡಕು ಬ್ರಿಟಿಷ್ ಕಾರುಗಳದು. ಹಿಂದೆ ಅವುಗಳಲ್ಲಿ ಬ್ಯಾಟರಿಯ ಧನಾಗ್ರವನ್ನು ಮೈಗೆ ಜೋಡಿಸುತ್ತಿದ್ದರು, ಎಂ.ಜಿ.ಬಿ. ಕಾರು ಋಣಾಗ್ರದ ಪದ್ಧತಿಗೆ ಬಂದುದು 1967ರಲ್ಲಿ. ಇಂದಿನ ರೇಡಿಯೊಗಳ ಲೋಹದ ಪೆಟ್ಟಿಗೆಯೇ ಋಣಾಗ್ರ. ಅದನ್ನು ಧನಾಗ್ರವಾದ ಮೈಗೆ ತಿರುಪಿನಿಂದ ಬಿಗಿದರೆ ಆಗುವುದೇನೆಂಬುದನ್ನು ವಾಚಕರೇ ಊಹಿಸಬಲ್ಲರು.

ಇಷ್ಟೆಲ್ಲ ಶ್ರಮಕ್ಕೆ ಮುನ್ನ ಹಳೆಯದನ್ನೇ ದುರಸ್ತಿ ಮಾಡಲಾಗದೆ? ಬಹಳಷ್ಟು ಸಲ ಆಗುತ್ತದೆಂದೇ ನಮ್ಮ ಅಭಿಪ್ರಾಯ. ಫ್ಯೂಸು, ತುಕ್ಕು ಹಿಡಿದ ಸಂಪರ್ಕ, ಧ್ವನಿಯ ಗುಂಡಿಯೊಳಗಿನ ಕೊಳೆ ಇವನ್ನು ಮೊದಲು ನೋಡಬೇಕು. ಬಳಿಕ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು: ಬಿಸಿಲಿಗೆ ನಿಂತ ಕಾರಿನ ಕಾವಿನಲ್ಲಿ ಅವುಗಳೊಳಗಿನ ದ್ರವವು ಕ್ರಮೇಣ ಆರಿಹೋಗುತ್ತದೆ. ಕ್ಯಾಸೆಟ್ಟಿನ ಯಂತ್ರದಲ್ಲಾದರೆ ರಬ್ಬರ್ ಪಟ್ಟಿ ಸಡಿಲವಾಗಿರುತ್ತದೆ. ವಾಲ್ವುಗಳ ಕಾಲದ ರೇಡಿಯೊದಲ್ಲಿ ಮಾತ್ರ ಎಚ್ಚರಿಕೆ ಬೇಕು. ಬ್ಯಾಟರಿಯ 6 ಅಥವಾ 12 ವೋಲ್ಟು ಅದರೊಳಗೆ ಇನ್ನೂರರಷ್ಟಕ್ಕೆ ಏರುತ್ತದೆ. ಅದನ್ನು ಬಲ್ಲವರ ಕೈಗೆ ಕೊಡುವುದೇ ಲೇಸು.