‘ನಂದಿನಿ’ ಹೆಸರು ಕಾಯುವುದು ಹೇಗೆ?

ಸಹೋದರಿಯರೇ, ಶಿಕಾರಿಪುರ, ಸೊರಬ ತಾಲ್ಲೂಕುಗಳ ಸಂಘಗಳಿಗೆ ನೀವು ಹಾಕುವ ಹಾಲಿಗೆ ಪೇಟೆಯಲ್ಲಿರುವ ಹೆಸರು ‘ನಂದಿನಿ’. ಕರ್ನಾಟಕ ಹಾಲು ಮಹಾಮಂಡಳ ಇದನ್ನು 1985ರಿಂದ ಬಳಸುತ್ತಿದೆ.

1989ರಲ್ಲಿ ಬೆಂಗಳೂರಿನ ಒಂದು ಹೋಟೆಲ್ ‘ನಂದಿನಿ ಡೀಲಕ್ಸ್’ ಎಂದು ಹೆಸರಿಟ್ಟುಕೊಂಡಿತು. ಮುಂದೆ ಅದು ಆ ಹೆಸರನ್ನು ನೋಂದಾಯಿಸಲು ಹೊರಟಾಗ ಮಹಾಮಂಡಳ ಆಕ್ಷೇಪಿಸಿತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು. ನಂದಿನಿ ಎಂಬುದು ಪುರಾಣದ ಹಸುವಿನ ಹೆಸರು, ಎರಡರ ಚಿಹ್ನೆ ಬೇರೆ, ಮಾರುವ ವಸ್ತು ಬೇರೆ ಎಂದಿತು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲಿನ ನೋಂದಣಿಯಿಂದ ಹೊರಗಿಡಲಾಯಿತು.

ಅಂದರೆ, ಕಾನೂನು ಹೆಸರನ್ನು ಒಂದು ಮಿತಿಯವರೆಗೆ ಕಾಯುತ್ತದೆ. ಉಳಿದದ್ದು ನಮ್ಮ ಕೈಯಲ್ಲಿದೆ:

● ನಿಮ್ಮ ಗುಂಪು ಪಾರ್ಲರ್ ನಡೆಸುವುದಾದರೆ ಒಪ್ಪಂದವನ್ನು ಓದಿಸಿ ಕೇಳಿ. ಬೋರ್ಡಿನ ಕೆಳಗೆ ಏನು ಮಾರಬಹುದು, ಅವಧಿ ಮುಗಿದ ಮೇಲೆ ಬೋರ್ಡು ಯಾರು ಇಳಿಸಬೇಕು ಎಂಬುದು ಬರಹದಲ್ಲಿರಲಿ.
● ಹಾಲಿನ ಪ್ಯಾಕೆಟ್ ಸದಾ ಫ್ರಿಜ್‌ನಲ್ಲಿರಲಿ.
● ಔಷಧಿ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ.
● ಕ್ಯಾನು ತೊಳೆದು, ಬೋರಲು ಹಾಕಿ ಒಣಗಿಸಿ.

ಒಬ್ಬರ ಹುಳಿ ಹಾಲು ಇಡೀ ಕ್ಯಾನನ್ನು ಕೆಡಿಸುತ್ತದೆ. ಗಿರಾಕಿ ಬೈಯುವಾಗ ಊರ ಹೆಸರು ಹಿಡಿದು ಬೈಯುವುದಿಲ್ಲ, ‘ನಂದಿನಿ’ಯನ್ನೇ ಬೈಯುತ್ತಾನೆ. ಆಗ ನಷ್ಟ ನಮ್ಮೆಲ್ಲರದು.